ಪಾಕೆಟ್ ಪುಸ್ತಕದ ದಾರಿ ಮುಚ್ಚಿದಾಗ: ಸಣ್ಣ ಊರಿನ ಕ್ರೈಸ್ತ ಪ್ರೇಮಕಾದಂಬರಿ ಮತ್ತು ಉತ್ತರ ಕನ್ನಡದ ಓದುಗರು

ಅಮೆರಿಕದ ಸೂಪರ್‌ಮಾರ್ಕೆಟ್‌ಗಳಿಗೆ ಪುಸ್ತಕ ಹಂಚುವ ಅತಿ ದೊಡ್ಡ ಸಂಸ್ಥೆ ರೀಡರ್‌ಲಿಂಕ್, 2025ರ ಕೊನೆಯಿಂದ ಪಾಕೆಟ್ ಗಾತ್ರದ ಅಗ್ಗದ ಪುಸ್ತಕಗಳ ವಿತರಣೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. 'ಪಾಕೆಟ್ ಪುಸ್ತಕದ ಕಾಲ ಮುಗಿಯಿತು' ಎಂಬ ಸುದ್ದಿ ಅಲ್ಲಿಂದ ಹರಡಿತು. ಆದರೆ ಇದರ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ. ಅಮೆರಿಕದಲ್ಲಿ ಮುದ್ರಿತ ಪ್ರೇಮಕಾದಂಬರಿಗಳ ಮಾರಾಟ 2020ರಿಂದ 2023ರ ನಡುವೆ ದುಪ್ಪಟ್ಟಾಗಿದೆ. ಕೊಳ್ಳುವವರು ಹೆಚ್ಚಿದ್ದಾರೆ, ಪುಸ್ತಕ ಮಾತ್ರ ರ್ಯಾಕಿನಿಂದ ಇಳಿಯುತ್ತಿದೆ. ಇದು ಹೇಗೆ?

ಕಾರವಾರ, ಹೊನ್ನಾವರ, ಶಿರಸಿಯ ಓದುಗರಿಗೆ ಇದು ದೂರದ ಸುದ್ದಿ ಅನ್ನಿಸಬಹುದು. ಅಷ್ಟು ದೂರದ್ದಲ್ಲ. ಈ ಪುಸ್ತಕಗಳಲ್ಲಿ ಒಂದು ಪಾಲು ನಮ್ಮ ಕಡೆಗೂ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ರ್ಯಾಕಿಗೆ ಆದದ್ದೇ ಇಲ್ಲಿ ಅಂಚೆಯ ಪುಸ್ತಕ ಸೇವೆಗೂ ಆಗಿದೆ. ಎರಡೂ ಕಡೆ ಓದುಗರು ಕೈಬಿಟ್ಟು ಹೋಗಿಲ್ಲ. ಕಡಿಮೆ ಖರ್ಚಿನಲ್ಲಿ ಪುಸ್ತಕವನ್ನು ಸಣ್ಣ ಊರಿಗೆ ಮುಟ್ಟಿಸುತ್ತಿದ್ದ ದಾರಿ ಕಿರಿದಾಗಿದೆ.

ಯಾವ ಕಾದಂಬರಿಗಳು ಇವು

ಇಲ್ಲಿ ಮಾತು ಆ ರ್ಯಾಕಿನ ಒಂದು ಬಗೆಯ ಪುಸ್ತಕದ್ದು, ಕ್ರೈಸ್ತ ನಂಬಿಕೆಯ ಪ್ರೇಮಕಾದಂಬರಿಗಳದು. ಇಂಗ್ಲಿಷ್‌ನಲ್ಲಿ ಇವುಗಳನ್ನು 'ಇನ್ಸ್‌ಪಿರೇಷನಲ್ ರೊಮಾನ್ಸ್' ಎನ್ನುತ್ತಾರೆ. ಕಥೆ ನಡೆಯುವುದು ಹೆಚ್ಚಾಗಿ ಒಂದು ಸಣ್ಣ ಊರಿನಲ್ಲಿ: ಒಂದು ಚರ್ಚು, ಒಂದು ತಿಂಡಿ ಹೋಟೆಲು, ದನದ ಮೇವಿನ ಅಂಗಡಿ, ಸುತ್ತ ಜಾನುವಾರು ಫಾರ್ಮುಗಳು. ಹೆಂಡತಿ ತೀರಿಕೊಂಡ ಗಂಡು ಇಬ್ಬರು ಮಕ್ಕಳನ್ನು ಸಾಕುತ್ತಿರುತ್ತಾನೆ, ಊರು ಬಿಟ್ಟು ಹೋಗಿದ್ದ ಹೆಣ್ಣು ತಾಯಿಯ ಕಾಯಿಲೆಗೆಂದು ಮರಳಿ ಬರುತ್ತಾಳೆ. ಪ್ರೇಮದ ಎಳೆಯ ಜೊತೆಗೆ ನಂಬಿಕೆಯ ಎಳೆಯೂ ನಡೆಯುತ್ತದೆ. ಇಬ್ಬರಲ್ಲಿ ಒಬ್ಬರಾದರೂ ದೇವರ ಮೇಲೆ ಮುನಿದಿರುತ್ತಾರೆ, ಇಲ್ಲವೇ ತಮ್ಮನ್ನು ತಾವೇ ಕ್ಷಮಿಸಿಕೊಂಡಿರುವುದಿಲ್ಲ. ಕಾದಂಬರಿಯ ಮುಕ್ಕಾಲು ಭಾಗ ದಾಟುವಾಗ ಎಲ್ಲವೂ ಮುರಿದುಬೀಳುತ್ತದೆ. ನಂಬಿಕೆಯ ಗಂಟು ಬಿಚ್ಚಿದ ಮೇಲೆಯೇ ಪ್ರೇಮದ ಗಂಟು ಬಿಚ್ಚಬೇಕು ಎಂಬುದು ಅಲ್ಲಿನ ಅಲಿಖಿತ ನಿಯಮ. ಮುತ್ತಿಗಿಂತ ಮುಂದೆ ಹೋಗುವಂತಿಲ್ಲ, ಬೈಗುಳ ಇರುವಂತಿಲ್ಲ, ಕೊನೆಯಲ್ಲಿ ಮದುವೆ ಅಥವಾ ಮದುವೆಯ ಮಾತು ಇರಲೇಬೇಕು.

ಸಣ್ಣ ಊರನ್ನೇ ಆರಿಸುವುದಕ್ಕೆ ಕಸುಬಿನ ಕಾರಣಗಳಿವೆ. ಅಲ್ಲಿ ಮುನಿಸಿಕೊಂಡವರು ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಬದುಕಲಾಗದು, ಭಾನುವಾರ ಚರ್ಚಿನಲ್ಲಿ ಎದುರಾಗಲೇಬೇಕು. ಮೊದಲ ಕಥೆಯಲ್ಲಿ ಬಂದುಹೋಗುವ ಪಶುವೈದ್ಯ ಎರಡನೆಯದರಲ್ಲಿ ನಾಯಕನಾಗಬಹುದು, ಹಾಗಾಗಿ ಒಂದೇ ಊರು ಆರು ಕಾದಂಬರಿಗಳನ್ನು ತಾಳುತ್ತದೆ. ಓದುಗರಿಗೂ ಊರಿನ ಗುರುತು ಹತ್ತಿ, ಮುಂದಿನ ಪುಸ್ತಕಕ್ಕೆ ಕಾಯುತ್ತಾರೆ.

ಈ ಪ್ರಕಾರದ ಆಧುನಿಕ ರೂಪ 1970ರ ದಶಕದ ಕೊನೆಗೆ ಅಮೆರಿಕದ ಪ್ರೊಟೆಸ್ಟೆಂಟ್ ಪ್ರಕಾಶಕರಲ್ಲಿ ಗಟ್ಟಿಯಾಯಿತು. 1997ರಲ್ಲಿ ಹಾರ್ಲೆಕ್ವಿನ್ ಸಂಸ್ಥೆ 'ಲವ್ ಇನ್‌ಸ್ಪೈರ್ಡ್' ಸರಣಿ ಶುರು ಮಾಡಿದಾಗ ಅದು ಚರ್ಚಿನ ಅಂಗಡಿಯಿಂದ ದಿನಸಿ ಅಂಗಡಿಗೆ ದಾಟಿತು. ಸರಣಿಯ ಒಂದು ಕಾದಂಬರಿಗೆ ನಿಗದಿಯಾದ ಉದ್ದ ಸುಮಾರು 55,000 ಇಂಗ್ಲಿಷ್ ಪದ. ಎರಡು ಮೂರು ಸಂಜೆಗಳಲ್ಲಿ ಮುಗಿಯುವ ಅಳತೆ ಅದು. 2014ರಲ್ಲಿ ಹಾರ್ಲೆಕ್ವಿನ್ ಹಾರ್ಪರ್‌ಕಾಲಿನ್ಸ್ ಎಂಬ ದೊಡ್ಡ ಪ್ರಕಾಶನದ ಪಾಲಾಯಿತು. ದೊಡ್ಡ ಕ್ರೈಸ್ತ ಪ್ರಕಾಶನಗಳಾದ ಜಾಂಡರ್ವನ್ ಮತ್ತು ಥಾಮಸ್ ನೆಲ್ಸನ್ ಆಗಲೇ ಹಾರ್ಪರ್‌ಕಾಲಿನ್ಸ್ ಕೈಯಲ್ಲಿದ್ದವು. ಹೀಗೆ ಈ ಪ್ರಕಾರದ ದೊಡ್ಡ ಪಾಲು ಒಂದೇ ಮನೆಯ ಹಿಡಿತಕ್ಕೆ ಬಂತು.

ರ್ಯಾಕಿನ ಲೆಕ್ಕ

ಪಾಕೆಟ್ ಪುಸ್ತಕ ಎಂದರೆ ಸುಮಾರು 11 ಸೆಂ.ಮೀ. ಅಗಲ, 17.5 ಸೆಂ.ಮೀ. ಎತ್ತರದ, ಒರಟು ಕಾಗದದ, ಬೆನ್ನಿಗೆ ಬಿಸಿ ಅಂಟು ಹಾಕಿದ ಪುಸ್ತಕ. ಅಮೆರಿಕದಲ್ಲಿ 1939ರಲ್ಲಿ 25 ಸೆಂಟಿಗೆ ಶುರುವಾಯಿತು. ಅದರ ನಿಜವಾದ ಹೊಸತನ ಇದ್ದದ್ದು ಬೆಲೆಗಿಂತ ದಾರಿಯಲ್ಲಿ. ಪುಸ್ತಕದಂಗಡಿಗೆ ಹೋಗದೆ, ಪತ್ರಿಕೆ ಹಂಚುವ ಲಾರಿ ಹತ್ತಿ ಔಷಧಿ ಅಂಗಡಿಗೆ, ಬಸ್ ನಿಲ್ದಾಣಕ್ಕೆ, ದಿನಸಿ ಅಂಗಡಿಗೆ ಅದು ಹೋಯಿತು. ಪುಸ್ತಕದಂಗಡಿಯೇ ಇಲ್ಲದ ಊರಿನ ಹೆಂಗಸರು ಹಾಲು, ಬ್ರೆಡ್ಡಿನ ಜೊತೆ ಕಾದಂಬರಿ ಕೊಂಡರು.

ಪತ್ರಿಕೆಯ ದಾರಿ ಹಿಡಿದದ್ದರಿಂದ ಪತ್ರಿಕೆಯ ನಿಯಮವೂ ಬಂತು. ಸರಣಿ ಕಾದಂಬರಿ ರ್ಯಾಕಿನಲ್ಲಿ ಇರುವುದು ಸುಮಾರು ಒಂದು ತಿಂಗಳು, ಅಷ್ಟರಲ್ಲಿ ಮುಂದಿನ ತಿಂಗಳ ಕಂತು ಬರುತ್ತದೆ. ಮಾರಾಟವಾಗದ ಪ್ರತಿಯನ್ನು ವಾಪಸ್ ಸಾಗಿಸಲು ಆಗುವ ಖರ್ಚು ಪುಸ್ತಕದ ಬೆಲೆಗಿಂತ ಹೆಚ್ಚು. ಅದಕ್ಕೆಂದು ಮುಖಪುಟವನ್ನು ಹರಿದು ಅದನ್ನಷ್ಟೇ ಪ್ರಕಾಶಕರಿಗೆ ಕಳಿಸಿ ಹಣ ವಜಾ ಮಾಡಿಸಿಕೊಳ್ಳುತ್ತಾರೆ, ಉಳಿದ ಮೈಯನ್ನು ರದ್ದಿಗೆ ಹಾಕುತ್ತಾರೆ. ಹಳೆಯ ಪಾಕೆಟ್ ಪುಸ್ತಕದ ಹಕ್ಕುಸ್ವಾಮ್ಯದ ಪುಟ ತೆಗೆದು ನೋಡಿ: 'ಮುಖಪುಟವಿಲ್ಲದೆ ಈ ಪುಸ್ತಕ ಕೊಂಡಿದ್ದರೆ ಇದು ನಾಶವಾಯಿತೆಂದು ಲೆಕ್ಕ ಕೊಟ್ಟ ಪ್ರತಿ, ಲೇಖಕರಿಗಾಗಲಿ ಪ್ರಕಾಶಕರಿಗಾಗಲಿ ಹಣ ಸಂದಿಲ್ಲ' ಎಂಬರ್ಥದ ಎಚ್ಚರಿಕೆ ಸಾಮಾನ್ಯವಾಗಿ ಅಲ್ಲಿರುತ್ತದೆ.

ಹರಿದುಹೋಗುವ ಪ್ರತಿಗಳ ನಷ್ಟವನ್ನೂ ತಾಳಿಕೊಳ್ಳಬೇಕಾದರೆ ಲಕ್ಷಗಟ್ಟಲೆ ಪ್ರತಿ ಅಚ್ಚಾಗಬೇಕು. ಈ ವ್ಯವಸ್ಥೆ ನಿಂತಿದ್ದು ಆ ರಾಶಿಯ ಮೇಲೆ. 2007ರಲ್ಲಿ ಇ-ಪುಸ್ತಕ ಓದುವ ಸಾಧನ ಕಿಂಡಲ್ ಬಂದಾಗ ಮೊದಲು ಅದರ ಕಡೆ ಹೊರಟವರು ತಿಂಗಳಿಗೆ ಹತ್ತು ಹದಿನೈದು ಪುಸ್ತಕ ಓದುತ್ತಿದ್ದ ಪ್ರೇಮಕಾದಂಬರಿಯ ಓದುಗರೇ. ರಾಶಿ ಇಳಿಯಿತು. ಅಚ್ಚು ಕಡಿಮೆಯಾದರೆ ಪ್ರತಿಯ ಖರ್ಚು ಏರುತ್ತದೆ, ಖರ್ಚು ಏರಿದರೆ ಬೆಲೆ ಏರುತ್ತದೆ, ಬೆಲೆ ಏರಿದಾಗ ಅಗ್ಗ ಎಂಬ ಒಂದೇ ಕಾರಣಕ್ಕೆ ಕೊಳ್ಳುತ್ತಿದ್ದವರು ಬಿಡುತ್ತಾರೆ, ಆಗ ಅಚ್ಚು ಮತ್ತೆ ಇಳಿಯುತ್ತದೆ. ಲಾರಿಯ ಡೀಸೆಲ್ಲಿಗೆ, ರ್ಯಾಕು ಜೋಡಿಸುವ ಆಳಿಗೆ ಮಾತ್ರ ಖರ್ಚು ಇಳಿಯುವುದಿಲ್ಲ. ಅಮೆರಿಕದ ಮಾರಾಟ ಲೆಕ್ಕ ಇಡುವ ಸರ್ಕಾನಾ ಸಂಸ್ಥೆಯ ಪ್ರಕಾರ ಪಾಕೆಟ್ ಪುಸ್ತಕಗಳ ಮಾರಾಟ 2004ರಲ್ಲಿ 13.1 ಕೋಟಿ ಪ್ರತಿ ಇದ್ದದ್ದು 2024ರಲ್ಲಿ 2.1 ಕೋಟಿಗೆ ಬಂತು. ಅದೇ ಅಡಿ ಜಾಗದಲ್ಲಿ ದೊಡ್ಡ ಗಾತ್ರದ ಪುಸ್ತಕ ಇಟ್ಟರೆ ಒಂದು ಪ್ರತಿಗೆ ಹೆಚ್ಚು ಹಣ ಸಿಗುತ್ತದೆ ಎಂದಾದಾಗ ವಿತರಕರು ಕೈಬಿಟ್ಟರು.

ಮೊದಲಿನ ಗೊಂದಲಕ್ಕೆ ಉತ್ತರ ಇಲ್ಲಿದೆ. ದುಪ್ಪಟ್ಟಾದದ್ದು ಬಹುತೇಕ ದೊಡ್ಡ ಗಾತ್ರದ, ಹೆಚ್ಚು ಬೆಲೆಯ, ಯುವ ಓದುಗರು ಕೊಳ್ಳುವ ಪ್ರೇಮಕಾದಂಬರಿಗಳು. ಇಳಿದದ್ದು ಸಣ್ಣ ಊರಿನ ದಿನಸಿ ಅಂಗಡಿಯ ರ್ಯಾಕು. ಎರಡೂ ಅಂಕಿ ನಿಜ, ಎರಡರ ಹಿಂದೆ ಇರುವ ಓದುಗರು ಬೇರೆ.

ಚರ್ಚಿನ ಅಂಗಡಿ ಮೊದಲೇ ಮುಚ್ಚಿತ್ತು

ಕ್ರೈಸ್ತ ಕಾದಂಬರಿಗೆ ಎರಡನೆಯ ದಾರಿಯೊಂದಿತ್ತು: ಬೈಬಲ್, ಕಾಣಿಕೆ ಸಾಮಾನು, ಹಾಡಿನ ಸಿ.ಡಿ. ಮಾರುವ ಧಾರ್ಮಿಕ ಮಳಿಗೆಗಳ ಜಾಲ. 2017ರಲ್ಲಿ ಫ್ಯಾಮಿಲಿ ಕ್ರಿಶ್ಚಿಯನ್ ಸ್ಟೋರ್ಸ್ ತನ್ನ ಸುಮಾರು 240 ಅಂಗಡಿಗಳನ್ನೂ 2019ರಲ್ಲಿ ಲೈಫ್‌ವೇ ತನ್ನ 170 ಅಂಗಡಿಗಳನ್ನೂ ಮುಚ್ಚಿದವು. ಆಗ ಉಳಿದದ್ದು ಸೂಪರ್‌ಮಾರ್ಕೆಟ್ ರ್ಯಾಕು ಮತ್ತು ಆನ್‌ಲೈನ್. ಈಗ ರ್ಯಾಕಿನ ಸಣ್ಣ ಗಾತ್ರವೂ ಹೋಯಿತು.

ಯಾರ ವಾದ ಏನು

ಪ್ರಕಾಶಕರ ಮಾತು ಹೀಗಿದೆ: ಬದಲಾಗುತ್ತಿರುವುದು ಗಾತ್ರ ಮಾತ್ರ, ಕಥೆಗಳು ದೊಡ್ಡ ಗಾತ್ರದಲ್ಲಿ, ದಪ್ಪ ಅಕ್ಷರದಲ್ಲಿ, ಇ-ಪುಸ್ತಕದಲ್ಲಿ ಬರುತ್ತವೆ. ಇದರಲ್ಲಿ ಹುರುಳಿದೆ. ಈ ಪ್ರಕಾರದ ಓದುಗರಲ್ಲಿ ವಯಸ್ಸಾದವರು ಬಹಳ, ಅವರಿಗೆ ದಪ್ಪ ಅಕ್ಷರ ಅನುಕೂಲವೇ.

ಓದುಗರ ಉತ್ತರ ಬೆಲೆಯದು. ಪಿಂಚಣಿಯ ಹಣದಲ್ಲಿ ತಿಂಗಳಿಗೆ ನಾಲ್ಕು ಪುಸ್ತಕ ಕೊಳ್ಳುತ್ತಿದ್ದವರಿಗೆ ಬೆಲೆ ದುಪ್ಪಟ್ಟಾದರೆ ಪುಸ್ತಕ ಎರಡಾಗುತ್ತದೆ. ಲೇಖಕಿಯರ ಆತಂಕ ಬೇರೆ. ಸರಣಿಯಲ್ಲಿ ಬರೆಯುವ ಹೊಸಬರು ಹೆಸರಿನಿಂದ ಮಾರಾಟವಾಗುವುದಿಲ್ಲ, ರ್ಯಾಕಿನ ಮುಂದೆ ನಿಂತವರ ಕಣ್ಣಿಗೆ ಬಿದ್ದು ಮಾರಾಟವಾಗುತ್ತಾರೆ. ಆನ್‌ಲೈನ್‌ನಲ್ಲಿ ಹುಡುಕುವವರು ಗೊತ್ತಿರುವ ಹೆಸರನ್ನೇ ಹುಡುಕುತ್ತಾರೆ.

ನಾಲ್ಕನೆಯ ಪಕ್ಷ ಅನುವಾದಕರದು. 2025ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಸಾಹಿತ್ಯ ಅನುವಾದಕರ ಸಂಘ, ಹಾರ್ಲೆಕ್ವಿನ್ ಸರಣಿಗಳ ಅನುವಾದವನ್ನು ಯಂತ್ರಕ್ಕೆ ಒಪ್ಪಿಸಿ ಮನುಷ್ಯರನ್ನು ತಿದ್ದುವ ಕೆಲಸಕ್ಕೆ ಇಳಿಸಲಾಗುತ್ತಿದೆ ಎಂದು ಬಹಿರಂಗವಾಗಿ ಆಕ್ಷೇಪಿಸಿತು. ರ್ಯಾಕಿನ ಆದಾಯ ಕುಗ್ಗಿದ ಸಂಸ್ಥೆ ಖರ್ಚನ್ನು ಎಲ್ಲಿ ಕತ್ತರಿಸಲು ನೋಡುತ್ತದೆ ಎಂಬುದಕ್ಕೆ ಇದೊಂದು ಸುಳಿವು.

ಪ್ರಕಾಶಕರ ಲೆಕ್ಕ ತಪ್ಪೆಂದು ಹೇಳಲಾಗದು. ಆದರೆ ಅವರ ಲೆಕ್ಕದಲ್ಲಿ ಒಂದೇ ಅಂಗಡಿ ಇರುವ ಊರಿನವರಿಗೆ ಜಾಗವಿಲ್ಲ. ಕಥೆಗಳೆಲ್ಲ ಅಂಥ ಊರುಗಳ ಮೇಲೆಯೇ ನಿಂತಿರುವಾಗ ಇದು ನೋವಿನ ಸಂಗತಿ.

ಕಾರವಾರಕ್ಕೆ, ಶಿರಸಿಗೆ ಏನು ಸಂಬಂಧ

ಭಾರತಕ್ಕೆ ಈ ಪುಸ್ತಕಗಳು ಹೊಸದಾಗಿ ಬರುವುದಕ್ಕಿಂತ ಹಳೆಯದಾಗಿ ಬರುವುದೇ ಹೆಚ್ಚು. ಅಮೆರಿಕ, ಬ್ರಿಟನ್‌ನ ಓದಿ ಮುಗಿಸಿದ ಪುಸ್ತಕಗಳು ಕಂಟೇನರಿನಲ್ಲಿ ತೂಕದ ಲೆಕ್ಕಕ್ಕೆ ಬಂದಿಳಿದು, ಮುಂಬೈ, ಬೆಂಗಳೂರಿನ ಹಳೆ ಪುಸ್ತಕದ ವ್ಯಾಪಾರಿಗಳ ಮೂಲಕ ಸಣ್ಣ ಊರಿಗೆ ಹರಿಯುತ್ತವೆ. ಅಲ್ಲಿ ಹೊಸ ಪಾಕೆಟ್ ಪುಸ್ತಕ ಕಡಿಮೆಯಾದ ಪರಿಣಾಮ ಇಲ್ಲಿ ಇಂದೇ ಕಾಣುವುದಿಲ್ಲ. ಹಳೆಯ ದಾಸ್ತಾನು ಕೆಲವು ವರ್ಷ ಬರುತ್ತಲೇ ಇರುತ್ತದೆ. ಆಮೇಲೆ ಬರುವ ಪುಸ್ತಕಗಳು ದೊಡ್ಡವು, ಭಾರದವು. ತೂಕಕ್ಕೆ ಮಾರುವ ವ್ಯಾಪಾರದಲ್ಲಿ ಭಾರ ಎಂದರೆ ಬೆಲೆ.

ಇಂಗ್ಲಿಷ್ ಓದುವವರ ಮಾತು ಇಷ್ಟಾಯಿತು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಸಂಖ್ಯೆ ಕನ್ನಡ ಮತ್ತು ಕನ್ನಡ ಲಿಪಿಯ ಕೊಂಕಣಿ ಓದುಗರದು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಪ್ರತ್ಯೇಕವಾಯಿತು. ಕರಾವಳಿಯ ಕೊಂಕಣಿ ಕ್ಯಾಥೊಲಿಕರಿಂದ ಹಿಡಿದು ಹಳಿಯಾಳ ಕಡೆಯ, ಆಫ್ರಿಕ ಮೂಲದ ಸಿದ್ದಿ ಸಮುದಾಯದ ಕ್ರೈಸ್ತರವರೆಗೆ ಅದರಲ್ಲಿದ್ದಾರೆ. ಕನ್ನಡ ಲಿಪಿಯ ಕೊಂಕಣಿಯಲ್ಲಿ ನಂಬಿಕೆಯ ಹಿನ್ನೆಲೆಯ ಕುಟುಂಬ ಕಥೆ, ಪ್ರೇಮಕಥೆ ಹೊಸದೇನಲ್ಲ. 1912ರಲ್ಲಿ ಮಂಗಳೂರಿನಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಶುರುವಾದ ಮೇಲೆ ಇಂಥ ಪತ್ರಿಕೆಗಳೇ ಕಥೆಗಳನ್ನು ಮನೆ ಮನೆಗೆ ತಲುಪಿಸಿದವು. ಮೊದಲು ಧಾರಾವಾಹಿ, ಆಮೇಲೆ ಪುಸ್ತಕ. ಅಂಚೆಯಣ್ಣ ತರುವ ವಾರಪತ್ರಿಕೆಯೇ ನಮ್ಮ ರ್ಯಾಕಾಗಿತ್ತು.

ಇ-ಪುಸ್ತಕ ಆ ಜಾಗ ತುಂಬೀತೆ? ಭಾಗಶಃ. ಪ್ರತಿಲಿಪಿ ಆ್ಯಪ್‌ನಲ್ಲಿ ಕನ್ನಡ ಪ್ರೇಮಕಥೆಗಳ ಕಂತುಗಳಿಗೆ ಓದುಗರು ದಂಡಿಯಾಗಿದ್ದಾರೆ, ಮೈಲ್ಯಾಂಗ್, ಗೂಗಲ್ ಪ್ಲೇಯಲ್ಲಿ ಕನ್ನಡ ಪುಸ್ತಕ ಸಿಗುತ್ತದೆ. ಆದರೆ ಕಿಂಡಲ್‌ನ ಸ್ವಯಂ ಪ್ರಕಾಶನ ತಮಿಳು, ಮಲಯಾಳಂ, ಹಿಂದಿ, ಮರಾಠಿ, ಗುಜರಾತಿಗೆ ಬಾಗಿಲು ತೆರೆದಾಗ ಕನ್ನಡವನ್ನು ಸೇರಿಸಿಕೊಳ್ಳಲಿಲ್ಲ. ಜೋಯಿಡಾ, ಯಲ್ಲಾಪುರದ ಒಳಗಿನ ಊರುಗಳಲ್ಲಿ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಇಂಥಲ್ಲಿ ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆ ತೆರೆಯುವ ಪುಸ್ತಕ ಉಪಯೋಗಕ್ಕೆ ಬರುತ್ತದೆ, ಪ್ರತಿ ಕಂತಿಗೂ ನೆಟ್ ಬೇಡುವ ಆ್ಯಪ್ ಬರುವುದಿಲ್ಲ. ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ನೂರೆಪ್ಪತ್ತು ಪುಟ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ ಎಂಬುದೂ ಇದೆ.

ಅಂಚೆಯಲ್ಲಿ ಆದ ಬದಲಾವಣೆ

ನಮ್ಮ ಕಡೆಯ ಪ್ರಕಾಶಕರಿಗೆ ನಿಜವಾದ ಪೆಟ್ಟು ಬಿದ್ದದ್ದು 2024ರ ಡಿಸೆಂಬರ್ 18ರಂದು. ಭಾರತೀಯ ಅಂಚೆ ಆ ದಿನದಿಂದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ ನಿಲ್ಲಿಸಿತು. ಒಂದೊಂದೇ ಪ್ರತಿಯನ್ನು ಕಡಿಮೆ ದರದಲ್ಲಿ, ರಸೀದಿಯ ಭದ್ರತೆಯೊಂದಿಗೆ ಕಳಿಸುತ್ತಿದ್ದವರು ಒಮ್ಮೆಲೇ ಪಾರ್ಸೆಲ್ ಇಲ್ಲವೇ ಸ್ಪೀಡ್ ಪೋಸ್ಟಿನ ದರಕ್ಕೆ ಬಿದ್ದರು. ₹180ರ ಪುಸ್ತಕಕ್ಕೆ ಕಳಿಸುವ ಖರ್ಚೇ ಲಾಭವನ್ನು ನುಂಗತೊಡಗಿತು.

2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂತು. ದರ 300 ಗ್ರಾಂವರೆಗೆ ₹20, 5 ಕಿಲೋವರೆಗಿನ ಕಟ್ಟಿಗೆ ₹100, ಮೇಲೆ ತೆರಿಗೆ. ರಸ್ತೆ, ರೈಲಿನ ಮೂಲಕ ಹೋಗುತ್ತದೆ, ಎಲ್ಲಿದೆ ಎಂದು ನೋಡಿಕೊಳ್ಳಬಹುದು. ಪಠ್ಯಪುಸ್ತಕ, ಶೈಕ್ಷಣಿಕ ಸಾಮಗ್ರಿ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ವಿಷಯದ ಪುಸ್ತಕಗಳಿಗೆ ಇದು ಸಲ್ಲುತ್ತದೆ. ನಿಯತಕಾಲಿಕೆ ಆಗಿರಬಾರದು, ವ್ಯಾಪಾರದ ಜಾಹೀರಾತು ಸಾಮಗ್ರಿ ಆಗಿರಬಾರದು, ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು.

ಈಗ ಪ್ರಶ್ನೆ: ಚರ್ಚಿನ ಹಿನ್ನೆಲೆಯ ಪ್ರೇಮಕಾದಂಬರಿ ಇದರೊಳಗೆ ಬರುತ್ತದೆಯೆ? ಪ್ರಾರ್ಥನಾ ಪುಸ್ತಕಕ್ಕೆ ಅನುಮಾನವಿಲ್ಲ. ಕಾದಂಬರಿಯನ್ನು ಸಾಂಸ್ಕೃತಿಕ ಎನ್ನಬಹುದು, ಇನ್ನೊಬ್ಬರು ಬರೀ ಮನರಂಜನೆ ಎನ್ನಬಹುದು. ಹಾಗಾಗಿ ಸಾವಿರ ಪ್ರತಿ ಅಚ್ಚು ಹಾಕಿಸಿದ ಮೇಲೆ ಕೌಂಟರಿಗೆ ಹೋಗುವ ಬದಲು, ಮೊದಲೇ ಒಂದು ಮಾದರಿ ಪ್ರತಿ ಒಯ್ದು ಅಂಚೆ ಅಧಿಕಾರಿಗಳಿಂದ ತಿಳಿದುಕೊಳ್ಳುವುದು ಒಳ್ಳೆಯದು. ಪುಸ್ತಕದ ಕೊನೆಯಲ್ಲಿ ಬೇಕರಿಯದೋ ಜವಳಿ ಅಂಗಡಿಯದೋ ಇಡೀ ಪುಟದ ಜಾಹೀರಾತು ಹಾಕಿ ಅಚ್ಚಿನ ಖರ್ಚು ಹೊಂದಿಸುವ ರೂಢಿ ನಮ್ಮಲ್ಲಿದೆ, ಈ ಸೇವೆ ಬೇಕೆನ್ನುವವರು ಅದನ್ನು ಬಿಡುವುದು ಕ್ಷೇಮ.

ಮುನ್ನೂರು ಗ್ರಾಂ ಒಳಗೆ ಒಂದು ಕಾದಂಬರಿ

ದರ ತೂಕದ ಮೇಲೆ ನಿಂತಿರುವುದರಿಂದ ಪುಸ್ತಕದ ಅಳತೆಯನ್ನು ತೂಕದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ನಮ್ಮಲ್ಲಿ ಸಾಮಾನ್ಯವಾದ ಡೆಮಿ 1/8 ಗಾತ್ರ ಸುಮಾರು 14 × 21.5 ಸೆಂ.ಮೀ. 70 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದದಲ್ಲಿ ಒಂದು ಹಾಳೆ, ಅಂದರೆ ಎರಡು ಪುಟ, 2.1 ಗ್ರಾಂ ತೂಗುತ್ತದೆ. ಒಟ್ಟಿಗೆ ಅಚ್ಚಾಗಿ ಮಡಿಚುವ 16 ಪುಟದ ಫಾರಂ 11 ಆದರೆ 176 ಪುಟ, 88 ಹಾಳೆ, 185 ಗ್ರಾಂ. ರಕ್ಷಾಪುಟ ಸೇರಿ 205 ಗ್ರಾಂ ಆಸುಪಾಸು. ಮೇಲೆ ಪ್ಲಾಸ್ಟಿಕ್ ಕವರು, ರಟ್ಟು ಹಾಕಿದರೂ 300ರ ಒಳಗೆ ಉಳಿಯುತ್ತದೆ. ಪುಟ 240 ಆಯಿತೋ, ಪುಸ್ತಕವೇ 270 ಗ್ರಾಂ ಮುಟ್ಟುತ್ತದೆ, ಕಟ್ಟಿದ ಮೇಲೆ ಮಿತಿ ದಾಟುವ ಸಂಭವ ಹೆಚ್ಚು. ಪುಟಕ್ಕೆ 230 ಪದದಂತೆ 176 ಪುಟಕ್ಕೆ ಸುಮಾರು 40,000 ಕನ್ನಡ ಪದ ಹಿಡಿಸುತ್ತದೆ. ಎರಡು ಮೂರು ಸಂಜೆಯ ಓದಿಗೆ ಇದು ಸಾಕು.

ಒಂದೊಂದಾಗಿ ಕಳಿಸುವುದಕ್ಕಿಂತ ಕಟ್ಟು ಕಳಿಸುವುದರಲ್ಲಿ ದೊಡ್ಡ ಉಳಿತಾಯವಿದೆ. 205 ಗ್ರಾಂನ 20 ಪ್ರತಿ ಎಂದರೆ 4.1 ಕಿಲೋ, ಪ್ಯಾಕಿಂಗ್ ಸೇರಿ 5ರ ಒಳಗೆ. ₹100ಕ್ಕೆ ಹೋದರೆ ಪ್ರತಿಗೆ ₹5. ಇಪ್ಪತ್ತು ಓದುಗರನ್ನು ಒಂದು ವಿಳಾಸಕ್ಕೆ ಸೇರಿಸುವವರು ಬೇಕು, ಅಷ್ಟೆ. ಇಗರ್ಜಿಯ (ಚರ್ಚಿನ) ಮಹಿಳಾ ಸಂಘ, ವಾರ್ಡಿನ ಕೂಟ ಇದನ್ನು ಮಾಡಬಲ್ಲವು. ವಾರ್ಷಿಕ ಹಬ್ಬದ ಮುಂಚಿನ ಒಂಬತ್ತು ದಿನದ ನೊವೆನಾಕ್ಕೆ ಊರಿಡೀ ಸೇರುತ್ತದೆ, ಮೊಂಬತ್ತಿ, ಜಪಸರದ ಅಂಗಡಿಯ ಪಕ್ಕದ ಒಂದು ಮೇಜು ಪುಸ್ತಕಕ್ಕೆ ಸಾಕು. ಮಾರಾಟಗಾರರಿಗೆ ಕೊಡುವ ಶೇ 30ರಿಂದ 40ರ ಕಮಿಷನ್ ಇಲ್ಲಿ ಉಳಿಯುತ್ತದೆ.

ಕಾಗದದ ಬೆಲೆಯ ಒತ್ತಡವೂ ಇದೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಪುಸ್ತಕದ ಕಾಗದಕ್ಕೆ ಜಿಎಸ್‌ಟಿ ಶೂನ್ಯವಾಯಿತು, ಮುದ್ರಣದ ಇತರ ಕಾಗದಕ್ಕೆ ಶೇ 12 ಇದ್ದದ್ದು 18 ಆಯಿತು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕೇಳಲು ಇದು ಒಳ್ಳೆಯದೇ, ಆದರೆ ಮಾರಾಟದ ಮೇಲೆ ತೆರಿಗೆ ಇಲ್ಲದ ಕಾರಣ ಕಾಗದಕ್ಕೆ ಕೊಟ್ಟ ತೆರಿಗೆಯನ್ನು ಪ್ರಕಾಶಕರು ವಾಪಸ್ ಪಡೆಯಲಾಗುವುದಿಲ್ಲ. ಅದು ನೇರ ಬೆಲೆಗೆ ಸೇರುತ್ತದೆ.

ಅಗ್ಗ ಮಾಡಲು ಹೋಗಿ ಒರಟು ಕಾಗದಕ್ಕೆ, ಬರೀ ಅಂಟಿನ ಬೈಂಡಿಂಗಿಗೆ ಇಳಿಯುವುದು ನಮ್ಮ ಹವೆಯಲ್ಲಿ ತಪ್ಪು. ಕರಾವಳಿಯ ಜೂನ್ ತಿಂಗಳ ತೇವಕ್ಕೆ ಒರಟು ಕಾಗದ ನೀರು ಹೀರಿ ಉಬ್ಬುತ್ತದೆ, ಚಳಿಗಾಲದಲ್ಲಿ ಒಣಗಿ ಕುಗ್ಗುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಟ್ಟಿಯಾದ ಅಂಟು ಬೆನ್ನಿನ ನಡುವೆ ಸೀಳಿ ಹಾಳೆಗಳು ಕೈಗೆ ಬರುತ್ತವೆ, ಅಂಚಿಗೆ ಬೂಷ್ಟು ಹಿಡಿಯುತ್ತದೆ. ಒಂದು ಪ್ರತಿ ಹತ್ತು ಮನೆ ಸುತ್ತುವ ಊರಿನಲ್ಲಿ ಫಾರಂಗಳನ್ನು ದಾರದಲ್ಲಿ ಹೊಲಿದು ಆಮೇಲೆ ಅಂಟು ಹಾಕಿಸುವುದಕ್ಕೆ ಆಗುವ ಖರ್ಚು ವ್ಯರ್ಥವಲ್ಲ.

ಕಥೆಯನ್ನು ಹಾಗೇ ಎತ್ತಿ ತಂದರೆ

ಯಂತ್ರಾನುವಾದ ಕನ್ನಡಕ್ಕೂ ಬರುತ್ತದೆ, ಅನುಮಾನವಿಲ್ಲ. ತೊಂದರೆ ಆಗುವುದು ವ್ಯಾಕರಣಕ್ಕಿಂತ ಆಚೆ. ಅಮೆರಿಕದ ಈ ಕಥೆಗಳು ಬಹುತೇಕ ಪ್ರೊಟೆಸ್ಟೆಂಟ್ ಬದುಕಿನವು. ಅಲ್ಲಿ ಚರ್ಚಿನ ಬೋಧಕರು ಮದುವೆಯಾಗುತ್ತಾರೆ, ಹೆಂಡತಿಯನ್ನು ಕಳೆದುಕೊಂಡ ಬೋಧಕ ನಾಯಕನಾಗುವುದು ಸಾಮಾನ್ಯ. ನಮ್ಮ ಕರಾವಳಿಯ ಕ್ಯಾಥೊಲಿಕ್ ಓದುಗರಿಗೆ ಇಗರ್ಜಿಯ ಪಾದ್ರಿ ನಾಯಕಿಯ ಕೈ ಹಿಡಿಯುವ ದೃಶ್ಯ ಆಘಾತವಾಗುತ್ತದೆ. ಅಲ್ಲಿನ ಜನಪ್ರಿಯ ಕೊನೆ ಕ್ರಿಸ್‌ಮಸ್ ಮುನ್ನಾದಿನದ ಮದುವೆ. ಇಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮದುವೆ ಇಟ್ಟುಕೊಳ್ಳುವ ರೂಢಿಯಿಲ್ಲ. ಅಲ್ಲಿ ಜೋಡಿ ನಿರ್ಧರಿಸಿದ ವಾರದಲ್ಲೇ ಮದುವೆ ಮುಗಿಯಬಹುದು. ಇಲ್ಲಿ ಮದುವೆಯ ತಯಾರಿ ಶಿಬಿರವಿದೆ, ಪೂಜೆಯಲ್ಲಿ ಮೂರು ಭಾನುವಾರ ಹೆಸರು ಓದುವುದಿದೆ, ಮದುವೆಯ ಮುಂಚೆ ತೆಂಗಿನ ಹಾಲು ಹಚ್ಚುವ ರೋಸ್ ಇದೆ. ಇದನ್ನು ತೊಡಕೆಂದು ನೋಡಬೇಕಿಲ್ಲ. ಆ ಮೂರು ಭಾನುವಾರಗಳಲ್ಲಿ ಒಬ್ಬರು ಎದ್ದುನಿಂತು ಆಕ್ಷೇಪಿಸಬಹುದು ಎಂಬ ಸಾಧ್ಯತೆಯಲ್ಲೇ ಒಂದು ಕಾದಂಬರಿಯ ಮುಕ್ಕಾಲನೇ ಭಾಗದ ಬಿಕ್ಕಟ್ಟು ಸಿದ್ಧವಿದೆ.

ಋತುವೂ ಅಷ್ಟೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಟ್ರಾಲರಿನಲ್ಲಿ ವಾರಗಟ್ಟಲೆ ಕಡಲಲ್ಲಿರುವ ಗಂಡು ಎರಡು ತಿಂಗಳು ದಡದಲ್ಲಿ, ಸಂಪಾದನೆಯಿಲ್ಲದೆ, ಮನೆಯವರ ಕಣ್ಣೆದುರು ಇರುತ್ತಾನೆ. ಶಿರಸಿಯ ಕಡೆ ಅದೇ ಹೊತ್ತಿಗೆ ಅಡಿಕೆಗೆ ಕೊಳೆ ಮದ್ದು ಹೊಡೆಯಲು ಮಳೆಯ ಬಿಡುವು ಕಾಯುವ ಆತಂಕ. ಪ್ರೇಮವನ್ನು ತಳ್ಳುವ, ತಡೆಯುವ ಬಲ ಇಂಥವುಗಳಿಂದ ಹುಟ್ಟಬೇಕು. ಕೌಬಾಯ್‌ಗೆ ಕಾರವಾರದ ಅಂಗಿ ತೊಡಿಸಿದರೆ ಹುಟ್ಟುವುದಿಲ್ಲ.

ಇನ್ನೂ ಸೂಕ್ಷ್ಮವಾದದ್ದು ನಂಬಿಕೆಯ ಎಳೆ. ಅಮೆರಿಕದ ಕಥೆಯಲ್ಲಿ ನಂಬಿಕೆಯಿಲ್ಲದವರು ಕೊನೆಗೆ ಕ್ರಿಸ್ತನ ಕಡೆ ತಿರುಗುವುದು ಸಂತೋಷದ ಮುಕ್ತಾಯ. ನಾನಾ ಧರ್ಮದವರು ಅಕ್ಕಪಕ್ಕ ಬಾಳುವ ನಮ್ಮ ಊರುಗಳಲ್ಲಿ, ಹಿಂದೂ ನಾಯಕಿಯೊಬ್ಬಳು ಪ್ರೇಮಕ್ಕಾಗಿ ಧರ್ಮ ಬದಲಿಸುವ ಕಥೆಯನ್ನು ಯಾರೂ ಬರೀ ಪ್ರೇಮಕಥೆಯಾಗಿ ಓದುವುದಿಲ್ಲ. ಬರೆಯಬಾರದೆಂದಲ್ಲ. ಬರೆದರೆ ಅವಳ ತಾಯಿಯ ಮನೆಯ ನೋವಿಗೂ ಅಷ್ಟೇ ಪುಟ ಕೊಡಬೇಕು. ದಾರಿತಪ್ಪಿದ ಕ್ರೈಸ್ತ ಮಗ ತನ್ನದೇ ಇಗರ್ಜಿಗೆ ಮರಳುವ ಎಳೆ ಇಲ್ಲಿ ಹೆಚ್ಚು ಸಹಜವಾಗಿ ನಿಲ್ಲುತ್ತದೆ.

ಒಂದು ಸಮುದಾಯದ ಸಂಕಟವನ್ನು ಇನ್ನೊಬ್ಬರ ಪಶ್ಚಾತ್ತಾಪಕ್ಕೆ ಮೆಟ್ಟಿಲು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ಪಾಠವಿದೆ. 2021ರಲ್ಲಿ ಅಲ್ಲಿನ ರೊಮಾನ್ಸ್ ಬರಹಗಾರರ ಸಂಘ ಧಾರ್ಮಿಕ ಪ್ರೇಮಕಾದಂಬರಿ ವಿಭಾಗದ ಪ್ರಶಸ್ತಿಯನ್ನು ಕೊಟ್ಟು, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಮೂಲನಿವಾಸಿಗಳ ಹತ್ಯಾಕಾಂಡದಲ್ಲಿ ಭಾಗಿಯಾದ ಸೈನಿಕನನ್ನು ನಾಯಕನಾಗಿಸಿ, ಸತ್ತವರನ್ನು ಅವನ ಪಾಪವಿಮೋಚನೆಯ ಹಿನ್ನೆಲೆಯಾಗಿ ಬಳಸಲಾಗಿದೆ ಎಂಬ ಟೀಕೆ ಅದಕ್ಕೆ ಕಾರಣ. ಹಳಿಯಾಳ, ಯಲ್ಲಾಪುರದ ಸಿದ್ದಿಗಳ ನಡುವೆ ಕಥೆ ಇಡಲು ಹೊರಡುವ ಹೊರಗಿನ ಲೇಖಕರು ಈ ಪ್ರಕರಣವನ್ನು ಗಮನವಿಟ್ಟು ನೋಡಬೇಕು.

ಮುಂದೆ ಆಗಬಹುದಾದದ್ದು

ಇಂಗ್ಲಿಷ್ ಪಾಕೆಟ್ ಕಾದಂಬರಿ ಹಳೆ ಪುಸ್ತಕದ ಅಂಗಡಿಯಲ್ಲಿ ಇನ್ನೂ ಕೆಲವು ವರ್ಷ ಸಿಗುತ್ತದೆ, ಆಮೇಲೆ ತೆಳುವಾಗುತ್ತದೆ. ಯಂತ್ರ ಅನುವಾದಿಸಿದ ಅಗ್ಗದ ಪ್ರೇಮಕಥೆಗಳು ಮೊಬೈಲಿಗೆ ಬರುತ್ತವೆ, ಒಂದಷ್ಟು ಓದಿಸಿಕೊಳ್ಳುತ್ತವೆ ಕೂಡ. ಕನ್ನಡ, ಕೊಂಕಣಿ ಪ್ರಕಾಶಕರಿಗೆ ಸರ್ಕಾರದ ಗ್ರಂಥಾಲಯ ಸಗಟು ಖರೀದಿ ಒಂದು ಆಸರೆ, ಆದರೆ ಆಯ್ಕೆಯಾದ ಪುಸ್ತಕದ 300 ಪ್ರತಿ ಹೋದರೂ ಹಣ ಕೈಸೇರಲು ವರ್ಷಗಳು ಹಿಡಿಯುವುದುಂಟು. ಅದನ್ನೇ ನೆಚ್ಚಿ ಸರಣಿ ನಡೆಸಲಾಗದು. ಪತ್ರಿಕೆಯಲ್ಲಿ ಧಾರಾವಾಹಿ, ಹಬ್ಬದ ಹೊತ್ತಿಗೆ 176 ಪುಟದ ಪುಸ್ತಕ, ಇಪ್ಪತ್ತರ ಕಟ್ಟಿನಲ್ಲಿ ಅಂಚೆ: 500 ಪ್ರತಿಯ ಅಚ್ಚಿಗೆ ಇಂಥ ಇಪ್ಪತ್ತೈದು ಕಟ್ಟು ಸಾಕು, ಅಂದರೆ ಇಪ್ಪತ್ತೈದು ಊರು. ಮಳೆಯಲ್ಲಿ ಘಟ್ಟದ ರಸ್ತೆ ಕುಸಿದು ಸಾಗಣೆ ನಿಲ್ಲುವ ಮುಂಚೆ, ಮೇ ಮೂರನೇ ವಾರದೊಳಗೆ ಕಟ್ಟುಗಳು ಹೊರಟಿರಬೇಕು.

ಇದೆಲ್ಲ ನಿಂತಿರುವುದು ಜ್ಞಾನ ಪೋಸ್ಟಿನ ಒಂದು ಅಸ್ಪಷ್ಟ ಸಾಲಿನ ಮೇಲೆ. ಒಂದು ಅಂಚೆ ಕಚೇರಿ ಕಾದಂಬರಿಯನ್ನು ಒಪ್ಪಿಕೊಂಡು ಇನ್ನೊಂದು ತಿರಸ್ಕರಿಸುವಂತಾದರೆ ಯಾವ ಲೆಕ್ಕವೂ ನಡೆಯುವುದಿಲ್ಲ. ಕನ್ನಡ ಮತ್ತು ಕೊಂಕಣಿ ಪ್ರಕಾಶಕರು ಒಟ್ಟಾಗಿ, ಕಥೆ ಕಾದಂಬರಿಗಳೂ ಈ ಸೇವೆಗೆ ಅರ್ಹವೆಂಬ ಸ್ಪಷ್ಟನೆಯನ್ನು ಅಂಚೆ ಇಲಾಖೆಯಿಂದ ಬರಹದಲ್ಲಿ ಕೇಳಿ ಪಡೆಯಬೇಕು, ಅದರ ಒಂದು ನಕಲು ಪ್ರತಿ ಕಟ್ಟಿನ ಜೊತೆಗೂ ಕೌಂಟರಿಗೆ ಹೋಗಬೇಕು.